ಜ್ಯೂರಿ ಒಮ್ಮತಕ್ಕೆ ಬಾರದಿದ್ದರೆ ಮರುವಿಚಾರಣೆಯನ್ನು ತಡೆಯಬಹುದೇ?

2024ರ ಜುಲೈ 1ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನ್ಯಾಯಾಧೀಶೆಯೊಬ್ಬರು ಕ್ಯಾರನ್ ರೀಡ್ ವಿರುದ್ಧದ ವಿಚಾರಣೆ ಫಲ ಕಾಣಲಿಲ್ಲವೆಂದು ಘೋಷಿಸಿ, ಜ್ಯೂರಿಯನ್ನು, ಅಂದರೆ ಒಮ್ಮತದಿಂದ ತೀರ್ಪು ಕೊಡಬೇಕಾದ ಹನ್ನೆರಡು ನಾಗರಿಕರ ತಂಡವನ್ನು, ಮನೆಗೆ ಕಳುಹಿಸಿದರು. ತನ್ನ ಗೆಳೆಯ, ಬಾಸ್ಟನ್ ಪೊಲೀಸ್ ಅಧಿಕಾರಿ ಜಾನ್ ಓಕೀಫ್ ಅವರಿಗೆ 2022ರ ಜನವರಿಯಲ್ಲಿ ಕಾರು ಗುದ್ದಿಸಿ, ಹಿಮದಲ್ಲಿ ಸಾಯಲು ಬಿಟ್ಟು ಹೋದರು ಎಂಬುದು ಆಕೆಯ ಮೇಲಿದ್ದ ದೂರು. ಆರೋಪಗಳು ಮೂರು: ಕೊಲೆ, ಕುಡಿದು ವಾಹನ ಚಲಾಯಿಸಿ ಸಾವಿಗೆ ಕಾರಣವಾದದ್ದು, ಅಪಘಾತದ ಸ್ಥಳದಿಂದ ಪರಾರಿಯಾದದ್ದು. ಇನ್ನು ಚರ್ಚಿಸಿ ಪ್ರಯೋಜನವಿಲ್ಲ ಎಂದು ಜ್ಯೂರಿ ಚೀಟಿ ಬರೆದು ಕಳುಹಿಸಿತ್ತು. ಯಾವ ಆರೋಪದ ವಿಷಯದಲ್ಲಿ ಒಮ್ಮತವಿಲ್ಲ ಎಂದು ನ್ಯಾಯಾಧೀಶೆ ಕೇಳಲಿಲ್ಲ.

ಕೆಲವೇ ದಿನಗಳಲ್ಲಿ ಜ್ಯೂರಿ ಸದಸ್ಯರ ಮಾತು ಆರೋಪಿಯ ವಕೀಲರ ಕಿವಿಗೆ ಬಿತ್ತು. ಕೊಲೆ ಮತ್ತು ಪರಾರಿ ಆರೋಪಗಳಲ್ಲಿ ಆಕೆ ನಿರ್ದೋಷಿ ಎಂದು ಹನ್ನೆರಡೂ ಮಂದಿ ಒಪ್ಪಿದ್ದರಂತೆ. ತೊಡಕಿದ್ದದ್ದು ಎರಡನೆಯ ಆರೋಪದಲ್ಲಿ ಮಾತ್ರ. ಹಾಗಾದರೆ ಆ ಎರಡು ಆರೋಪಗಳ ಮೇಲೆ ಮತ್ತೆ ವಿಚಾರಣೆ ನಡೆಸುವಂತಿಲ್ಲ ಎಂದು ವಕೀಲರು ಅರ್ಜಿ ಹಾಕಿದರು.

ಒಂದೇ ಅಪರಾಧಕ್ಕಾಗಿ ಯಾರನ್ನೂ ಎರಡು ಬಾರಿ ಶಿಕ್ಷೆಯ ಅಪಾಯಕ್ಕೆ ಒಡ್ಡಬಾರದು ಎಂದು ಅಮೆರಿಕ ಸಂವಿಧಾನದ ಐದನೇ ತಿದ್ದುಪಡಿ 1791ರಿಂದಲೂ ಹೇಳುತ್ತಿದೆ. ನಮ್ಮ ಸಂವಿಧಾನದ 20(2)ನೇ ವಿಧಿ ತಡೆಯುವುದು ಒಮ್ಮೆ ವಿಚಾರಣೆ ನಡೆದು ಶಿಕ್ಷೆಯಾದವರನ್ನು ಅದೇ ಅಪರಾಧಕ್ಕೆ ಮತ್ತೆ ದಂಡಿಸುವುದನ್ನು. ಅಲ್ಲಿನ ರಕ್ಷಣೆ ಅದಕ್ಕಿಂತ ವಿಶಾಲ: ಎರಡನೇ ಸಲ ಕಟಕಟೆ ಹತ್ತಿಸುವುದೇ ತಪ್ಪು. ಆದ್ದರಿಂದಲೇ ಇಂಥ ತಕರಾರನ್ನು ಮರುವಿಚಾರಣೆ ಶುರುವಾಗುವ ಮೊದಲೇ ಮೇಲ್ಮನವಿಗೆ ಒಯ್ಯಲು ಅಲ್ಲಿನ ಸುಪ್ರೀಂ ಕೋರ್ಟ್ 1977ರಲ್ಲಿ ದಾರಿ ಮಾಡಿಕೊಟ್ಟಿತು. ಮುಗಿದ ಮೇಲೆ ಗೆದ್ದು ಫಲವೇನು?

ಆದರೆ ಒಮ್ಮತ ಮೂಡದ ಜ್ಯೂರಿಗೆ 1824ರಿಂದಲೇ ವಿನಾಯಿತಿ ಇದೆ. ಕಡಲ್ಗಳ್ಳತನದ ಆರೋಪ ಹೊತ್ತಿದ್ದ ಪೆರೆಜ್ ಎಂಬಾತನ ಪ್ರಕರಣದಲ್ಲಿ ನ್ಯಾಯಮೂರ್ತಿ ಜೋಸೆಫ್ ಸ್ಟೋರಿ, ಸ್ಪಷ್ಟ ಅನಿವಾರ್ಯತೆ ಇದ್ದಾಗ ಜ್ಯೂರಿಯನ್ನು ವಿಸರ್ಜಿಸಿ ಮತ್ತೆ ವಿಚಾರಣೆ ನಡೆಸಬಹುದು ಎಂದರು. ತೀರ್ಪೇ ಬಾರದಿದ್ದರೆ ಮೊದಲ ಅಪಾಯ ಇನ್ನೂ ಮುಗಿದಿಲ್ಲ ಎಂಬುದು 1984ರ ರಿಚರ್ಡ್‌ಸನ್ ಪ್ರಕರಣದಲ್ಲಿ ಗಟ್ಟಿಯಾಯಿತು.

ನನಗೆ ಅತ್ಯಂತ ಕಠಿಣವೆನಿಸುವುದು 2012ರ ಬ್ಲೂಫರ್ಡ್ ತೀರ್ಪು. ಅರ್ಕನ್ಸಾದಲ್ಲಿ ಒಂದು ವರ್ಷದ ಮಗುವಿನ ಸಾವಿನ ಪ್ರಕರಣ ಅದು. ಎರಡು ದೊಡ್ಡ ಕೊಲೆ ಆರೋಪಗಳನ್ನು ಎಲ್ಲರೂ ತಿರಸ್ಕರಿಸಿದ್ದೇವೆ ಎಂದು ಜ್ಯೂರಿಯ ಮುಖ್ಯಸ್ಥೆ ತೆರೆದ ನ್ಯಾಯಾಲಯದಲ್ಲೇ ಹೇಳಿದ್ದರು. ಆದರೂ ಆ ಬಳಿಕ ಚರ್ಚೆ ಮುಂದುವರಿದದ್ದರಿಂದ ಅದು ಅಂತಿಮ ತೀರ್ಪಲ್ಲ ಎಂದು 6–3ರ ಬಹುಮತ ಹೇಳಿತು. ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಭಿನ್ನಮತ ಬರೆದರು.

ನ್ಯಾಯಾಲಯದಲ್ಲಿ ಆಡಿದ ಮಾತಿಗೇ ಬೆಲೆ ಇಲ್ಲವೆಂದ ಮೇಲೆ ರೀಡ್ ಪ್ರಕರಣದ ಹಾದಿ ಊಹಿಸಬಹುದಿತ್ತು. ರಾಜ್ಯದ ಸರ್ವೋಚ್ಚ ನ್ಯಾಯಾಲಯ 2025ರ ಫೆಬ್ರುವರಿ 11ರಂದು ಅರ್ಜಿಯನ್ನು ತಳ್ಳಿಹಾಕಿತು. ತೆರೆದ ನ್ಯಾಯಾಲಯದಲ್ಲಿ ದೃಢಪಡಿಸಿದ್ದಷ್ಟೇ ತೀರ್ಪು ಎಂದಿತು. ಫೆಡರಲ್ ನ್ಯಾಯಾಲಯಗಳೂ ಒಪ್ಪಲಿಲ್ಲ. ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸುವ ಹೊತ್ತಿಗೆ ಮರುವಿಚಾರಣೆ ಶುರುವಾಗಿಯೇ ಹೋಗಿತ್ತು.

ಈ ನಿಯಮಕ್ಕೆ ಆಧಾರವಿಲ್ಲದಿಲ್ಲ. ಮನೆಗೆ ಹೋದ ಜ್ಯೂರಿ ಸದಸ್ಯರ ನೆನಪಿನ ಮೇಲೆ ತೀರ್ಪು ಬರೆಯತೊಡಗಿದರೆ ಅವರ ಮೇಲಿನ ಒತ್ತಡಕ್ಕೆ ಮಿತಿ ಇರುವುದಿಲ್ಲ. ಹಾಗಿರುವಾಗ ಅವರನ್ನು ಕಳುಹಿಸುವ ಮುನ್ನ ಪ್ರತಿ ಆರೋಪದ ಬಗ್ಗೆಯೂ ಕೇಳುವುದು ನ್ಯಾಯಾಧೀಶರ ಕಡ್ಡಾಯ ಕರ್ತವ್ಯವಾಗಬೇಕು. ಎರಡು ನಿಮಿಷದ ಆ ಕೆಲಸ ಆಗದೆ ಹೋದದ್ದಕ್ಕೆ ಆರೋಪಿಯೂ ಮೃತನ ಮನೆಯವರೂ ಇನ್ನೊಂದು ವರ್ಷ ಬೇಯಬೇಕಾಯಿತು.

2025ರ ಜೂನ್‌ನಲ್ಲಿ ಎರಡನೇ ಜ್ಯೂರಿಗೂ ಅದೇ ಗೊಂದಲ ಹುಟ್ಟಿತು. ಎರಡು ಆರೋಪಗಳಲ್ಲಿ ನಿರ್ದೋಷಿ ಎಂದು ಒಪ್ಪಿ, ಒಂದರಲ್ಲಿ ಮಾತ್ರ ಒಮ್ಮತವಾಗದಿದ್ದರೆ ಮೂರರಲ್ಲೂ ಒಮ್ಮತವಿಲ್ಲ ಎಂದಾಗುತ್ತದೆಯೇ, ಆ ಒಂದರಲ್ಲಷ್ಟೆಯೇ ಎಂದು ಅವರು ಬರೆದು ಕೇಳಿದರು. ಅದು ಬರೀ ಊಹೆಯ ಪ್ರಶ್ನೆ, ಉತ್ತರಿಸಲಾಗದು ಎಂದರು ನ್ಯಾಯಾಧೀಶೆ. ಜೂನ್ 18ರಂದು ಜ್ಯೂರಿ ಮೂರೂ ಆರೋಪಗಳಿಂದ ರೀಡ್ ಅವರನ್ನು ಬಿಡುಗಡೆ ಮಾಡಿ, ಎರಡನೆಯ ಆರೋಪದಲ್ಲೇ ಅಡಗಿದ್ದ ಸಣ್ಣ ಅಪರಾಧವಾದ ಕುಡಿದು ವಾಹನ ಓಡಿಸಿದ್ದಕ್ಕೆ ಮಾತ್ರ ತಪ್ಪಿತಸ್ಥೆ ಎಂದಿತು.