ಗೋಡೌನ್ ಕಟ್ಟುವ ಮೊದಲು ಚೀಲ ಎಣಿಸಿ

ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು ಮೊನ್ನೆ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಪ್ಲಾನ್ ಬರೆದುಕೊಂಡು, ಕಟ್ಟಡದ ಕೆಲಸ ಮಾಡಿಸುವ ನನ್ನ ಹತ್ತಿರ ಬಂದಿದ್ದರು. 40×60 ಅಡಿಯ ಗೋಡೌನ್.

‘ಒಳಗೆ ಏನಿಡ್ತೀರಿ?’ ಅಂದೆ.

‘ಅಡಿಕೆ ಮಾರಾಯ್ರೆ, ಇನ್ನೇನು?’

‘ಎಷ್ಟು ಚೀಲ?’

ಅವರು ನನ್ನ ಮುಖ ನೋಡಿದರು. ಪಕ್ಕದ ಮನೆಯವರು 30×50 ಕಟ್ಟಿಸಿದ್ದಾರೆ ಅನ್ನೋದು ಆಮೇಲೆ ಗೊತ್ತಾಯಿತು.

ಕೂತು ಲೆಕ್ಕ ಹಾಕಿದೆವು. ಒಣ ಅಡಿಕೆ 40 ಕ್ವಿಂಟಾಲ್. ಚೀಲಕ್ಕೆ 65 ಕೆ.ಜಿ. ಅಂದರೆ 62 ಚೀಲ. ಒಂದು ಚೀಲ ಮಲಗಿಸಿದರೆ ಸುಮಾರು 3 ಅಡಿ ಉದ್ದ, 2 ಅಡಿ ಅಗಲ. ಆರರಂತೆ ಪೇರಿಸಿದರೆ ಬೇಕಾಗುವ ನೆಲ 66 ಚದರಡಿ. ಗೋಡೆಯಿಂದ ಸುತ್ತಲೂ 2 ಅಡಿ ಬಿಟ್ಟರೂ 12×14ರ ಒಂದು ಕೋಣೆ ಸಾಕು. 2,400 ಚದರಡಿ ಎಲ್ಲಿ, ಇದೆಲ್ಲಿ!

ಹಾಗಂತ ಅಡಿಕೆ ಒಂದನ್ನೇ ಇಡೋದಲ್ಲ. ಟಿಲ್ಲರ್, ಗೊನೆ ಕೊಯ್ಯುವ ದೋಟಿ, ಟಾರ್ಪಾಲು, ಸುಲಿಯುವ ಯಂತ್ರ, ಗೊಬ್ಬರ, ಮೈಲುತುತ್ತ, ಸುಣ್ಣ ಎಲ್ಲಕ್ಕೂ ಜಾಗ ಬೇಕು. ಆದರೆ ಟಿಲ್ಲರಿಗೆ ನಾಲ್ಕು ಗೋಡೆ ಬೇಕಾ? ಅದಕ್ಕೆ ಮಾಡು (ಛಾವಣಿ) ಇದ್ದರೆ ಸಾಕು. ಗೊಬ್ಬರ, ಮೈಲುತುತ್ತ ಮಾತ್ರ ಅಡಿಕೆ ಕೋಣೆಗೆ ಬರಬಾರದು, ಅವಕ್ಕೆ ಬೇರೆ ಮೂಲೆ. ಕೊನೆಗೆ 20×30ಕ್ಕೆ ಒಪ್ಪಿದರು. ಒಂದು ಭದ್ರ ಕೋಣೆ, ಉಳಿದದ್ದು ಕಂಬದ ಮೇಲೆ ತೆರೆದ ಶೆಡ್. ಮೊದಲಿನ ಪ್ಲಾನಿನ ಕಾಲು ಭಾಗ.

ಉಳಿದ ದುಡ್ಡನ್ನು ಕಣ್ಣಿಗೆ ಕಾಣದ ಕಡೆ ಹಾಕಿ ಅಂತ ನಾನು ಹೇಳೋದು. ನಮ್ಮಲ್ಲಿ ಗೋಡೌನ್ ಕೆಡೋದು ಗೋಡೆಯಿಂದಲ್ಲ, ನೀರಿನಿಂದ. ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ವೃತ್ತಿಗೆ ಬಂದ ಹೊಸದರಲ್ಲಿ ಧರೆ (ಗುಡ್ಡದ ಮಣ್ಣಿನ ದಿಬ್ಬ) ಕಡಿದು ಜಾಗ ಮಾಡಿ, ಧರೆಗೆ ಮೂರೇ ಅಡಿ ಬಿಟ್ಟು ಗೋಡೆ ಎಬ್ಬಿಸಿದ್ದೆ. ಚರಂಡಿ ಆಮೇಲೆ ಮಾಡೋಣ ಅಂದುಕೊಂಡದ್ದು ಹಾಗೇ ಉಳಿಯಿತು. ಆರಿದ್ರಾ ಮಳೆಗೆ ಧರೆಯಿಂದ ಒರತೆ ಎದ್ದಿತು. ನೀರು ಗೋಡೆ ಹತ್ತಲಿಲ್ಲ, ನೆಲದಡಿಯಿಂದ ಬಂತು. ಮೇಲಿನ ಚೀಲಗಳೆಲ್ಲ ಚೆನ್ನಾಗಿದ್ದವು. ಕೆಳಗಿನ ಸಾಲು ಎತ್ತಿದರೆ ಗೋಣಿಯ ತಳ ಕೈಗೆ ಕಿತ್ತು ಬಂತು, ಅಡಿಕೆ ಮೇಲೆ ಬೂದಿ ಬಣ್ಣದ ಬೂಸ್ಟು. ಆ ಮನೆಯವರು ಬೈಯಲಿಲ್ಲ, ಕಾಫಿ ಕೊಟ್ಟರು. ಅದು ಇನ್ನೂ ಕಷ್ಟ ಆಯಿತು.

ಈಗ ಧರೆಯ ಬುಡದಲ್ಲಿ ಮೊದಲು ನೀರು ಹರಿಯಲು ಅಗಳು (ಕಾಲುವೆ) ತೆಗೆಸುತ್ತೇನೆ, ಪಾಯ ಆಮೇಲೆ. ನೆಲಕ್ಕೆ ಕಾಂಕ್ರೀಟಿನ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಲೇಬೇಕು. ಇಡೀ ಖರ್ಚಿನಲ್ಲಿ ಅದರ ಪಾಲು ಚೂರು. 20×30ಕ್ಕೆ 5 ಇಂಚು ಕಾಂಕ್ರೀಟ್ ಅಂದರೆ ಸುಮಾರು 7 ಘನ ಮೀಟರ್, ಸಿಮೆಂಟೇ 55 ಚೀಲದ ಹತ್ತಿರ ಹೋಗುತ್ತದೆ. ಅಷ್ಟು ಹಾಕುವಾಗ ಹಾಳೆಗೆ ಯಾಕೆ ಜಿಪುಣತನ? ಚೀಲದಡಿಗೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹಾಕುವವರಿದ್ದಾರೆ. ಹಾಕಿ, ಆದರೆ ವರಲೆ (ಗೆದ್ದಲು) ಹಿಡಿದಿದೆಯಾ ಅಂತ ವರ್ಷಕ್ಕೊಮ್ಮೆ ಎತ್ತಿ ನೋಡಿ.

ಇಳಿಜಾರಿನ ಖರ್ಚು ಎಸ್ಟಿಮೇಟಿನಲ್ಲಿ ತಪ್ಪಿಹೋಗುವುದೇ ಜಾಸ್ತಿ. 30 ಅಡಿಗೆ 3 ಅಡಿ ಇಳಿಜಾರಿದ್ದರೆ, ಮೇಲಿನ ಬದಿಯ ಪಾಯ ನೆಲದಿಂದ 2 ಅಡಿ ಎತ್ತರವಾದಾಗ ಕೆಳಗಿನ ಬದಿಯದು 5 ಅಡಿ. ಅಷ್ಟು ಜಂಬಿಟ್ಟಿಗೆ ಕಲ್ಲು, ಅಷ್ಟು ಮಣ್ಣು. ಇನ್ನೊಂದು, ಸಾಗಣೆ. ಟಿಪ್ಪರ್ ಡಾಂಬರು ರಸ್ತೆವರೆಗೆ ಬರುತ್ತದೆ. ಅಲ್ಲಿಂದ ಮನೆಗೆ? ಮರಳು, ಜಲ್ಲಿ, ಕಲ್ಲು ಎಲ್ಲವನ್ನೂ ಸಣ್ಣ ಗಾಡಿಗೆ ಇನ್ನೊಮ್ಮೆ ತುಂಬಿ ಇಳಿಸಬೇಕು. ಪೇಟೆಯ ಚದರಡಿ ರೇಟು ಕೇಳಿಕೊಂಡು ಬಂದವರು ಸೋಲುವುದು ಇಲ್ಲೇ.

ಮಾಡಿನ ವಿಷಯ. ಹಂಚು ತಂಪು, ಆದರೆ ಮಂಗ ಬಿಡುವುದಿಲ್ಲ. ಶೀಟು ಹಾಕುವುದಾದರೆ 0.5 ಮಿ.ಮೀ.ಗಿಂತ ತೆಳುವಾದದ್ದು ಬೇಡ. ಚಳಿಗಾಲದ ಬೆಳಗ್ಗೆ ಶೀಟಿನ ಒಳಮೈ ಬೆವರಿ ಚೀಲದ ಮೇಲೆ ತೊಟ್ಟಿಕ್ಕುತ್ತದೆ. ಅದಕ್ಕೇ ಗೋಡೆಯ ಮೇಲ್ತುದಿಯಲ್ಲಿ ಇಲಿ ನುಗ್ಗದ ಜಾಲರಿ ಹಾಕಿ ಗಾಳಿಗೆ ದಾರಿ ಕೊಡಬೇಕು. ನಮ್ಮ ಹಿರಿಯರು ಒಲೆ ಮೇಲಿನ ಅಟ್ಟದಲ್ಲಿ ಅಡಿಕೆ ಇಡುತ್ತಿದ್ದದ್ದು ಸುಮ್ನೆ ಅಲ್ಲ. ಸೂರು ಸುತ್ತಲೂ 3 ಅಡಿ ಹೊರಗೆ ಚಾಚಲಿ. ಆಗ ಮಾಡು 26×36 ಆಗುತ್ತದೆ. ದಿನಕ್ಕೆ 100 ಮಿ.ಮೀ. ಮಳೆ ನಮಗೇನು ಹೊಸತಲ್ಲ, ಆ ದಿನ ಈ ಮಾಡಿನಿಂದ ಇಳಿಯುವ ನೀರು 8,700 ಲೀಟರ್. ಅದು ಎಲ್ಲಿಗೆ ಹೋಗಬೇಕು ಅಂತ ಪ್ಲಾನಿನಲ್ಲೇ ಗೆರೆ ಎಳೆದಿಡಿ.

ಸಾಲಕ್ಕೆ ಕೇಂದ್ರದ ಕೃಷಿ ಮೂಲಸೌಕರ್ಯ ನಿಧಿ ಇದೆ. 2020ರಲ್ಲಿ ಶುರುವಾದದ್ದು. 2 ಕೋಟಿವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ. 3 ರಿಯಾಯಿತಿ, ಗರಿಷ್ಠ 7 ವರ್ಷ. ಹೊಸ ಸಾಲ ಈಗಲೂ ಕೊಡುತ್ತಾರಾ ಅಂತ ಮೊದಲು ಕೇಳಿಕೊಳ್ಳಿ. ಪಹಣಿ, ಎಸ್ಟಿಮೇಟ್ ಹಿಡಿದು ಬ್ಯಾಂಕಿಗೆ ಹೋಗುವುದು ಪಾಯ ತೋಡುವ ಮೊದಲು, ತೋಡಿದ ಮೇಲಲ್ಲ. ಎಸ್ಟಿಮೇಟಿನ ಮೇಲೆ ನೂರಕ್ಕೆ ಹತ್ತು ಹದಿನೈದು ರೂಪಾಯಿ ಕೈಯಲ್ಲಿಟ್ಟುಕೊಳ್ಳಿ. ಧರೆಯೊಳಗೆ ಬಂಡೆ ಸಿಕ್ಕರೆ ಅದು ಅಲ್ಲೇ ಮುಗಿಯಿತು.

ದೀಪಾವಳಿ ಕಳೆದರೆ ಅಡಿಕೆ ಗೊನೆ ಕೊಯ್ಲು, ಆಗ ಆಳೂ ಸಿಗುವುದಿಲ್ಲ, ಅಂಗಳವೂ ಖಾಲಿ ಇರುವುದಿಲ್ಲ. ಹಾಗಾಗಿ ಜಾಗ ಸಮ ಮಾಡಿ ಪಾಯ ಹಾಕುವ ಕೆಲಸವನ್ನು ಮಳೆ ಬಿಟ್ಟ ಕೂಡಲೇ ಮುಗಿಸಿ, ಗೋಡೆಯನ್ನು ಫೆಬ್ರವರಿಯಲ್ಲಿ ಎಬ್ಬಿಸಿ. ಮೇ ಮುಗಿಯುವುದರೊಳಗೆ ಮಾಡು ಮುಚ್ಚಿರಬೇಕು. ಗಾರೆ, ಬಾಗಿಲು ಬಾಕಿ ಇದ್ದರೆ ಮಳೆಗಾಲದಲ್ಲಿ ಒಳಗೆ ನಿಂತು ಮಾಡಿಕೊಳ್ಳಬಹುದು.