ಮಳೆಯ ದಿನ ಮಗು ಬಣ್ಣ ಹಚ್ಚುವಾಗ

2024ರ ಜೂನ್ 2, ಭಾನುವಾರ. ಅಂದು ಬೆಂಗಳೂರಿನಲ್ಲಿ 110 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು, ಜೂನ್ ತಿಂಗಳಲ್ಲಿ ಒಂದೇ ದಿನ ಬಿದ್ದ ಮಳೆಯ ಲೆಕ್ಕದಲ್ಲಿ ನೂರು ವರ್ಷಕ್ಕೂ ಹಳೆಯ ದಾಖಲೆ ಮುರಿಯಿತು. ಬಸವನಗುಡಿಯ ನಮ್ಮ ಮನೆಯಲ್ಲಿ ತಮ್ಮನ ಮಗಳು, ಆರು ವರ್ಷದವಳು, ನಡುಮನೆಯ ಕಿಟಕಿಯ ಪಕ್ಕ ಕುಳಿತು ದಾಸವಾಳದ ಚಿತ್ರಕ್ಕೆ ಕ್ರೇಯಾನ್ ಹಚ್ಚುತ್ತಿದ್ದಳು. ಹೊರಗೆ ಕತ್ತಲು ಕವಿಯುವ ಹೊತ್ತಿಗೆ ಕರೆಂಟ್ ಹೋಯಿತು. ಮೇಣದಬತ್ತಿ ಹುಡುಕುತ್ತ ನಾನು ಅಡುಗೆಮನೆಯಲ್ಲಿದ್ದೆ. ಹತ್ತು ಹದಿನೈದು ನಿಮಿಷ ಆ ಮಬ್ಬಿನಲ್ಲೇ ಕುಳಿತಿದ್ದ ಹುಡುಗಿ ಕೂಗಿ ಕೇಳಿದಳು: "ದೊಡ್ಡಪ್ಪ, ನನ್ನ ಕೆಂಪು ಹೂವು ಯಾಕೆ ಕಪ್ಪಗಾಯ್ತು? ಎಲೆ ಮಾತ್ರ ಬೆಳ್ಳಗೆ ಕಾಣ್ತಿದೆ."

ಅವಳು ಕಂಡದ್ದು ನಿಜ. ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿ ಬೆಳಕನ್ನು ಗ್ರಹಿಸುವ ಎರಡು ಬಗೆಯ ಕೋಶಗಳಿವೆ. ಬಣ್ಣಗಳನ್ನು ಗುರುತಿಸುವ ಶಂಕುಕೋಶಗಳು ಸುಮಾರು 60 ಲಕ್ಷ. ಮಬ್ಬು ಬೆಳಕಿನಲ್ಲಿ ಕೆಲಸ ಮಾಡುವ ಸಲಾಕೆಕೋಶಗಳು ಸುಮಾರು 12 ಕೋಟಿ. ಬೆಳಕು ಚೆನ್ನಾಗಿರುವಾಗ ಕಣ್ಣಿಗೆ ಹೆಚ್ಚು ಪ್ರಕಾಶವಾಗಿ ತೋರುವುದು 555 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ಹಳದಿ ಮಿಶ್ರಿತ ಹಸಿರು. ಬೆಳಕು ಇಳಿದಂತೆ ಶಂಕುಗಳು ಹಿಂದೆ ಸರಿದು ಸಲಾಕೆಗಳು ಮುಂದೆ ಬರುತ್ತವೆ. ಅವುಗಳ ಒಲವು 507 ನ್ಯಾನೋಮೀಟರ್ ಕಡೆಗೆ, ಅಂದರೆ ನೀಲಿಗೆ ಹತ್ತಿರದ ಹಸಿರಿನ ಕಡೆಗೆ. ಕೆಂಪು ಬೆಳಕಿಗೆ ಅವು ಹೆಚ್ಚುಕಡಿಮೆ ಕುರುಡು. ಆದ್ದರಿಂದಲೇ ಮುಸ್ಸಂಜೆಯಲ್ಲಿ ದಾಸವಾಳ ಕಪ್ಪಾಗುತ್ತದೆ, ಎಲೆ ಬೆಳ್ಳಗೆ ಉಳಿಯುತ್ತದೆ. ಈ ಬದಲಾವಣೆಯನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ವಿವರಿಸಿದವರು ಚೆಕ್ ಶರೀರವಿಜ್ಞಾನಿ ಯಾನ್ ಪುರ್ಕಿನ್ಯೆ. ನಮ್ಮೂರಿನಲ್ಲೇ ನೆಲೆಸಿದ್ದ ಸಿ. ವಿ. ರಾಮನ್ ಅವರೂ ತಮ್ಮ ಬಾಳಿನ ಕೊನೆಯ ವರ್ಷಗಳಲ್ಲಿ ಹೂಗಳ ಬಣ್ಣವನ್ನೂ ಅದನ್ನು ಕಣ್ಣು ಗ್ರಹಿಸುವ ಬಗೆಯನ್ನೂ ಬಿಡದೆ ಅಧ್ಯಯನ ಮಾಡಿದರು. ಆರು ವರ್ಷದ ಹುಡುಗಿ ಕೇಳಿದ್ದು ಅಷ್ಟು ದೊಡ್ಡ ಪ್ರಶ್ನೆ.

ಮೇಣದಬತ್ತಿ ಹಚ್ಚಿದ ಮೇಲೆ ಇನ್ನೊಂದು ಸೋಜಿಗ ಕಾದಿತ್ತು. ಹೂವಿನ ಕೇಸರದ ತುದಿಗೆ ಅವಳು ಹಳದಿ ಬಣ್ಣ ಹಚ್ಚಿದರೆ ಅದು ಬಿಳಿ ಹಾಳೆಯ ಮೇಲೆ ಕಾಣಲೇ ಇಲ್ಲ. ಬತ್ತಿಯ ಬೆಳಕಿನಲ್ಲಿ ನೀಲಿಯ ಪಾಲು ತೀರಾ ಕಡಿಮೆ. ಹಳದಿ ವಸ್ತು ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ, ಬಿಳಿ ವಸ್ತು ಅದನ್ನೂ ಹಿಂದಿರುಗಿಸುತ್ತದೆ ಎಂಬುದಷ್ಟೇ ಇವೆರಡರ ವ್ಯತ್ಯಾಸವಾದ್ದರಿಂದ, ನೀಲಿಯೇ ಇಲ್ಲದ ಬೆಳಕಿನಲ್ಲಿ ಎರಡೂ ಒಂದೇ ಆಗಿಬಿಡುತ್ತವೆ. ಹಾಗಾಗಿ ಮಳೆಯ ದಿನ ಮಗುವನ್ನು ಬಣ್ಣಕ್ಕೆ ಕೂರಿಸುವವರು ಮೊದಲು ನೋಡಬೇಕಾದದ್ದು ಬಣ್ಣದ ಪೆಟ್ಟಿಗೆಯನ್ನಲ್ಲ, ಕಿಟಕಿಯನ್ನು. ಮೋಡ ಮುಸುಕಿದ ಹಗಲಿನಲ್ಲೂ ಹೊರಗೆ ಸಾವಿರಾರು ಲಕ್ಸ್ ಬೆಳಕಿರುತ್ತದೆ. ಮನೆಯ ದೀಪದಡಿ ಸಾಮಾನ್ಯವಾಗಿ ಇನ್ನೂರು ಲಕ್ಸ್ ಸಿಕ್ಕರೆ ಹೆಚ್ಚು. ಮೋಡದಿಂದ ಸೋಸಿ ಬರುವ ಆ ಬೆಳಕಿಗೆ ಗಾಢವಾದ ನೆರಳಿಲ್ಲ, ಕಣ್ಣು ಕುಕ್ಕುವ ಗುಣವೂ ಇಲ್ಲ. ಬಲಗೈ ಮಕ್ಕಳಿಗೆ ಕಿಟಕಿ ಎಡಕ್ಕಿರಲಿ, ಎಡಗೈ ಮಕ್ಕಳಿಗೆ ಬಲಕ್ಕೆ. ಬರೆಯುವ ಜಾಗದ ಮೇಲೆ ಕೈಯ ನೆರಳು ಬೀಳದು.

ಇನ್ನು ಬಣ್ಣದ ಮಾತು. ನಮ್ಮೂರಿನ ಮಳೆಗಾಲ ಜೂನ್‌ಗೆ ಶುರುವಾಗಿ ಆಗಸ್ಟ್‌ಗೆ ಮುಗಿಯುವಂಥದ್ದಲ್ಲ. ಮೇ ತಿಂಗಳ ಗುಡುಗು ಮಳೆಯಿಂದ ಹಿಡಿದು ಸೆಪ್ಟೆಂಬರ್, ಅಕ್ಟೋಬರ್‌ನ ಜಡಿಮಳೆಯವರೆಗೂ ಅದು ಬಿಟ್ಟು ಬಿಟ್ಟು ಬರುತ್ತಲೇ ಇರುತ್ತದೆ. ಅಷ್ಟೂ ದಿನ ಮನೆಯೊಳಗಿನ ಕಾಗದ ಗಾಳಿಯ ತೇವವನ್ನು ಕುಡಿಯುತ್ತಿರುತ್ತದೆ. ಕಾಗದವೆಂದರೆ ಸೆಲ್ಯುಲೋಸ್ ಎಳೆಗಳ ಹೆಣಿಗೆ, ಮತ್ತು ಸೆಲ್ಯುಲೋಸ್‌ಗೆ ನೀರಿನ ಅಣುಗಳೆಂದರೆ ಬಲು ನಂಟು. ತೇವ ಹೀರಿದ ಎಳೆಗಳು ಉಬ್ಬಿ ಹಾಳೆ ಮೆತ್ತಗಾಗುತ್ತದೆ, ಅಂಚು ಸುರುಳಿಯಾಗುತ್ತದೆ. ಅಂಥ ಹಾಳೆಯ ಮೇಲೆ ಸ್ಕೆಚ್ ಪೆನ್ನಿನ ಗೆರೆ ಹರಡಿಕೊಳ್ಳುತ್ತದೆ. ಜಲವರ್ಣವಂತೂ ಒಣಗಲು ತಡಮಾಡಿ, ಮಗು ಆತುರದಿಂದ ಪಕ್ಕದ ಬಣ್ಣ ಹಚ್ಚಿದೊಡನೆ ಎರಡೂ ಕೂಡಿ ಕೆಸರಾಗುತ್ತದೆ. ಮಗು ಅಳುತ್ತದೆ, ನಾವು ಬೇರೆ ಹಾಳೆ ಕೊಡುತ್ತೇವೆ, ಅದೂ ಹಾಗೆಯೇ ಆಗುತ್ತದೆ.

ಆದ್ದರಿಂದ ಮಳೆಯ ದಿನಕ್ಕೆ ಕ್ರೇಯಾನ್ ಒಳ್ಳೆಯದು ಎಂಬುದು ನನ್ನ ಅನುಭವ. 1903ರಲ್ಲಿ ಅಮೆರಿಕದಲ್ಲಿ ಎಂಟು ಬಣ್ಣಗಳ ಕ್ರೇಯೋಲಾ ಪೆಟ್ಟಿಗೆ ಐದು ಸೆಂಟಿಗೆ ಮಾರಾಟಕ್ಕೆ ಬಂದಂದಿನಿಂದ ಇದರ ಮೂಲಸೂತ್ರ ಬದಲಾಗಿಲ್ಲ: ಪ್ಯಾರಾಫಿನ್ ಮೇಣ, ಅದರೊಳಗೆ ನುಣ್ಣಗೆ ಬೆರೆಸಿದ ಬಣ್ಣದ ಪುಡಿ. ಕಾಗದ ನಮ್ಮ ಕಣ್ಣಿಗೆ ನಯವಾಗಿ ಕಂಡರೂ ಮೇಣಕ್ಕೆ ಅದೊಂದು ಅರ. ಉಜ್ಜಿದಾಗ ಎಳೆಗಳ ಉಬ್ಬುಗಳು ಮೇಣವನ್ನು ಕೆರೆದು ಇಟ್ಟುಕೊಳ್ಳುತ್ತವೆ, ತಗ್ಗುಗಳು ಖಾಲಿ ಉಳಿಯುತ್ತವೆ. ಕ್ರೇಯಾನ್ ಚಿತ್ರದಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆಗಳು ಇಣುಕುವುದು ಇದಕ್ಕೇ. ನೀರಿಗೂ ಮೇಣಕ್ಕೂ ಹೊಂದಿಕೆಯಿಲ್ಲವಾದ್ದರಿಂದ ಹಾಳೆಯ ತೇವ ಬಣ್ಣವನ್ನು ಹರಡಿಸುವುದಿಲ್ಲ. ಮಳೆಯ ತಂಪಿಗೆ ಮೇಣ ತುಸು ಗಡುಸಾಗಿ, ಹೆಚ್ಚು ಒತ್ತಬೇಕಾಗುತ್ತದೆ. ಇದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ. ಒಂದು ಎಲೆ ತುಂಬಲು ಸ್ಕೆಚ್ ಪೆನ್ನಿಗೆ ಅರ್ಧ ನಿಮಿಷ ಸಾಕಾದರೆ, ಗಡುಸು ಕ್ರೇಯಾನಿಗೆ ಮೂರು ನಿಮಿಷ ಬೇಕು, ಮತ್ತು ಮನಸ್ಸು ಇಳಿದು ಕೂರುವುದು ಆ ಮೂರು ನಿಮಿಷದಲ್ಲೇ.

ಒತ್ತುವ ಆ ಕೈಯನ್ನೊಮ್ಮೆ ಹತ್ತಿರದಿಂದ ನೋಡಿ. ದೊಡ್ಡವರ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟಿದ ಮಗುವಿನ ಮಣಿಕಟ್ಟಿನ ಎಕ್ಸ್-ರೇ ತೆಗೆದರೆ ಸಾಮಾನ್ಯವಾಗಿ ಅವುಗಳಲ್ಲಿ ಒಂದೂ ಕಾಣುವುದಿಲ್ಲ. ಎಲ್ಲವೂ ಮೃದ್ವಸ್ಥಿ, ಅಂದರೆ ಮೆತ್ತನೆಯ ಎಳೆಮೂಳೆಯಾಗಿದ್ದು, ಒಂದೊಂದಾಗಿ ಮೂಳೆಯಾಗುತ್ತ ಕೊನೆಯದು ಗಟ್ಟಿಯಾಗುವ ಹೊತ್ತಿಗೆ ಮಗುವಿಗೆ ಹತ್ತು ಹನ್ನೆರಡು ವರ್ಷ ತುಂಬಿರುತ್ತದೆ. ಒಂದೂವರೆ ವರ್ಷದ ಕೂಸು ಕ್ರೇಯಾನನ್ನು ಮುಷ್ಟಿಯಲ್ಲಿ ಹಿಡಿದು ಭುಜದಿಂದ ಗೀಚುತ್ತದೆ. ಮೂರರ ಹೊತ್ತಿಗೆ ದುಂಡಗೆ ಸುತ್ತಲು ಬರುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಸೇರಿದ ಹಿಡಿತ ನಾಲ್ಕರಿಂದ ಆರು ವರ್ಷದೊಳಗೆ ನೆಲೆಗೊಳ್ಳುತ್ತದೆ. ಹಾಗಿರುವಾಗ ಮೂರು ವರ್ಷದ ಮಗು ಗೆರೆ ದಾಟಿತೆಂದು ಗದರುವುದು ಅನ್ಯಾಯ. ಗೆರೆಯೊಳಗೆ ನಿಲ್ಲುವ ಕೈ ಅದಕ್ಕೆ ಇನ್ನೂ ಬಂದಿಲ್ಲ. ಮುರಿದ ಕ್ರೇಯಾನ್ ತುಂಡುಗಳನ್ನು ಎಸೆಯದೆ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಗಿಡ್ಡ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲಾಗದು, ಬೆರಳ ತುದಿಗಳೇ ಬೇಕು.

ಬಣ್ಣ ಹಚ್ಚಿದರೆ ಮನಸ್ಸು ಶಾಂತವಾಗುತ್ತದೆ ಎಂಬ ಮಾತನ್ನು ಪರೀಕ್ಷಿಸಿದವರೂ ಇದ್ದಾರೆ. 2005ರಲ್ಲಿ ಅಮೆರಿಕದಲ್ಲಿ 84 ಕಾಲೇಜು ವಿದ್ಯಾರ್ಥಿಗಳಲ್ಲಿ ಮೊದಲು ತುಸು ಆತಂಕ ಹುಟ್ಟಿಸಿ, ಬಳಿಕ ಕೆಲವರಿಗೆ ವೃತ್ತಾಕಾರದ ಮಂಡಲದ ಚಿತ್ರವನ್ನೂ ಕೆಲವರಿಗೆ ಚೌಕಳಿ ವಿನ್ಯಾಸವನ್ನೂ ಉಳಿದವರಿಗೆ ಖಾಲಿ ಹಾಳೆಯನ್ನೂ ಕೊಟ್ಟು ಬಣ್ಣ ಹಚ್ಚಲು ಹೇಳಲಾಯಿತು. ಮಂಡಲ ಮತ್ತು ಚೌಕಳಿಯವರ ಆತಂಕ ಖಾಲಿ ಹಾಳೆಯವರಿಗಿಂತ ಹೆಚ್ಚು ಇಳಿದಿತ್ತು. ಆರರಿಂದ ಹನ್ನೆರಡು ವರ್ಷದ ಮಕ್ಕಳ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ, ಬೇಸರದ ಸಂಗತಿಯೊಂದನ್ನು ನೆನೆಸಿಕೊಂಡ ಮಕ್ಕಳಲ್ಲಿ ಅದೇ ಸಂಗತಿಯ ಚಿತ್ರ ಬರೆದವರಿಗಿಂತ, ಅದಕ್ಕೆ ಸಂಬಂಧವಿಲ್ಲದ ಮನೆಯ ಚಿತ್ರ ಬರೆದವರ ಮನಸ್ಸು ಹೆಚ್ಚು ಹಗುರಾಯಿತು. ಇವು ಸಣ್ಣ ಪ್ರಯೋಗಗಳು, ಕೆಲವೇ ನಿಮಿಷಗಳ ಪರಿಣಾಮವನ್ನು ಅಳೆದಂಥವು. ಬಣ್ಣವನ್ನು ಔಷಧಿಯೆಂದು ಮಾರುವವರನ್ನು ನಂಬಬೇಕಿಲ್ಲ. ಆದರೂ ಅವು ತೋರಿಸುವ ದಿಕ್ಕು ನನಗೆ ಸರಿಯೆನಿಸುತ್ತದೆ. ಖಾಲಿ ಹಾಳೆ 'ಏನು ಬರೆಯಲಿ' ಎಂಬ ಹೊರೆಯನ್ನು ತಲೆಯ ಮೇಲಿಡುತ್ತದೆ. ಗೆರೆಯಿರುವ ಹಾಳೆ ಅದನ್ನು ಇಳಿಸಿ, 'ಈ ಎಸಳಿಗೆ ಯಾವ ಬಣ್ಣ' ಎಂಬಷ್ಟನ್ನೇ ಉಳಿಸುತ್ತದೆ.

ಮಂಡಲಕ್ಕಾಗಿ ಪುಸ್ತಕ ಕೊಳ್ಳಲು ನಾವು ಅಂಗಡಿಗೆ ಹೋಗಬೇಕಾಗಿಯೂ ಇಲ್ಲ. ಮಳೆ ಹಿಡಿದ ದಿನ ಬಾಗಿಲ ಮುಂದೆ ರಂಗೋಲಿ ನಿಲ್ಲುವುದಿಲ್ಲವಲ್ಲ, ಅದನ್ನು ಹಾಳೆಗೆ ತನ್ನಿ. ನಮ್ಮಮ್ಮ ಹೇಳುತ್ತಿದ್ದ ಲೆಕ್ಕ 'ಏಳರಿಂದ ನಾಲ್ಕು': ನಡುವಿನ ಸಾಲಿನಲ್ಲಿ ಏಳು ಚುಕ್ಕಿ, ಅದರ ಮೇಲೂ ಕೆಳಗೂ ಆರು, ಐದು, ನಾಲ್ಕು, ಪ್ರತಿ ಸಾಲಿನ ಚುಕ್ಕಿಯೂ ಹಿಂದಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಬರುವಂತೆ. ಒಟ್ಟು 37 ಚುಕ್ಕಿ, ಹೊರಗೆರೆ ಎಳೆದರೆ ಆರು ಮೂಲೆಯ ಆಕೃತಿ. ಮಗುವಿಗೆ ಚುಕ್ಕಿ ಎಣಿಸಲು ಹೇಳಿ. ನಡುವಿನ ಒಂದು ಚುಕ್ಕಿಯ ಸುತ್ತ 6, ಅದರಾಚೆ 12, ಅದರಾಚೆ 18 ಎಂದು ಬಳೆಬಳೆಯಾಗಿ ಎಣಿಸಿದರೂ ಅದೇ 37 ಬರುವುದನ್ನು ಅದು ತಾನೇ ಕಂಡುಕೊಳ್ಳಲಿ. ನಡುವಿನ ಚುಕ್ಕಿಯಿಂದ ಆರು ಎಸಳು ಎಳೆದು ಒಂದು ಎಸಳಿಗೆ ಬಣ್ಣ ಹಚ್ಚಿದರೆ ಉಳಿದ ಐದಕ್ಕೆ ದಾರಿ ತಾನೇ ತೆರೆಯುತ್ತದೆ. ಒಮ್ಮೆ ಯೋಚಿಸಬೇಕು, ಐದು ಸಲ ಸುಮ್ಮನೆ ಕೈ ಆಡಿಸಬೇಕು. ಈ ಹದವೇ ಮಗುವನ್ನು ಅರ್ಧ ಗಂಟೆ ಒಂದೆಡೆ ಕೂರಿಸುತ್ತದೆಂದು ನನಗೆ ತೋರುತ್ತದೆ. ಐದನೆಯ ಎಸಳಿಗೆ ಅದು ಬೇರೆ ಬಣ್ಣ ಎತ್ತಿಕೊಂಡರೆ ದಯವಿಟ್ಟು ತಿದ್ದಬೇಡಿ, 'ಚೆನ್ನಾಗಿದೆ' ಎಂದು ನಡುವೆ ಬಾಯಿ ಹಾಕುವುದೂ ಬೇಡ.

ಕೊನೆಗೊಂದು ಬಣ್ಣ ಅಡುಗೆಮನೆಯದು. ಸಾರು ಚೆಲ್ಲಿದ ಬಿಳಿ ಅಂಗಿಗೆ ಸೋಪು ತಾಗಿದೊಡನೆ ಹಳದಿ ಕಲೆ ಕೆಂಪಾಗುವುದನ್ನು ಒಗೆಯುವವರೆಲ್ಲ ನೋಡಿದ್ದಾರೆ. ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಆಮ್ಲದಲ್ಲಿ ಹಳದಿ, ಕ್ಷಾರದಲ್ಲಿ ಕಂದುಗೆಂಪು; ಆರತಿಯ ತಟ್ಟೆಯ ಓಕುಳಿ ಕೆಂಪಾಗುವುದೂ ಅರಿಶಿನಕ್ಕೆ ಸುಣ್ಣ ಕೂಡಿದ್ದರಿಂದ. ಮಕ್ಕಳ ಕೈಗೆ ಮಾತ್ರ ಸುಣ್ಣ ಕೊಡಲೇಬಾರದು: ಕಣ್ಣಿಗೆ ಸಿಡಿದರೆ ಅದು ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನೇ ಸುಟ್ಟು ದೃಷ್ಟಿ ಕಳೆಯಬಲ್ಲದು. ಬಟ್ಟೆ ಸೋಪಿನ ತುಂಡೊಂದನ್ನು ಒಂದಿಷ್ಟು ನೀರಿನಲ್ಲಿ ಕದಡಿದರೆ ಸಾಕು, ಆ ಸೋಪಿನ ನೀರೂ ದೊಡ್ಡವರ ಕಣ್ಣಳತೆಯಲ್ಲೇ ಇರಲಿ. ಅರಿಶಿನವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ದಪ್ಪ ಡ್ರಾಯಿಂಗ್ ಹಾಳೆಗೆ ಬಳಿದು ಒಣಗಲು ಬಿಡಿ. ಒಣಗಿದ ಹಳದಿ ಹಾಳೆಯ ಮೇಲೆ ಹತ್ತಿ ಸುತ್ತಿದ ಕಡ್ಡಿಯಿಂದ ಸೋಪಿನ ನೀರಲ್ಲಿ ಬರೆದರೆ ಗೆರೆ ಕೆಂಪಾಗಿ ಏಳುತ್ತದೆ. ನಿಂಬೆರಸ ಸೋಕಿಸಿದರೆ ಮತ್ತೆ ಹಳದಿ.

ಆ ಭಾನುವಾರ ರಾತ್ರಿ ನಾವು ಬಳಿದಿಟ್ಟ ಹಾಳೆ ಬೆಳಗಾದರೂ ತಣ್ಣಗೆ ತೇವವಾಗಿಯೇ ಇತ್ತು, ಅಷ್ಟು ನೀರಿತ್ತು ಗಾಳಿಯಲ್ಲಿ. ಸೋಮವಾರ ಸಂಜೆ ಅದು ಒಣಗಿದ ಮೇಲೆ ಹುಡುಗಿ ಕಿಟಕಿಯ ಪಕ್ಕ ಕುಳಿತು, ಮತ್ತೊಂದು ದಾಸವಾಳವನ್ನು ಬರಿಯ ಸೋಪಿನ ನೀರಿನಲ್ಲಿ ಬರೆದಳು. ಬೆಳಕು ಪೂರ್ತಿ ಇಳಿಯುವವರೆಗೂ ಅಲ್ಲೇ ಕುಳಿತು, ಹೂವು ಯಾವ ಹೊತ್ತಿಗೆ ಕಪ್ಪಗಾಗುತ್ತದೆಂದು ನೋಡುತ್ತಿದ್ದಳು.