ನೋಡಿ ನಡೆಯುವ ಹೊಣೆ ಯಾರದು: ಸೈಕಲ್ಲಿಗೂ ಮೋಟಾರಿಗೂ ನಡುವಿನ ಹಳೆಯ ತಕರಾರು

1879ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದರ ಮುಂದೆ ವಿಚಿತ್ರವಾದ ಪ್ರಶ್ನೆಯೊಂದು ಬಂತು. ಜನರ ಜೀವಕ್ಕೆ ಅಪಾಯವಾಗುವಷ್ಟು ರಭಸದಿಂದ ಸೈಕಲ್ ಓಡಿಸಿದನೆಂದು ಒಬ್ಬ ಸವಾರನ ಮೇಲೆ ಆರೋಪವಿತ್ತು. ಆದರೆ ಆ ಆರೋಪಕ್ಕೆ ಆಧಾರವಾಗಿದ್ದ 1835ರ ಹೆದ್ದಾರಿ ಕಾಯ್ದೆಯಲ್ಲಿ ಕುದುರೆ ಮತ್ತು ಗಾಡಿಗಳ ಮಾತಿತ್ತೇ ಹೊರತು ಸೈಕಲ್ಲಿನ ಹೆಸರೇ ಇರಲಿಲ್ಲ. ಕಾಯ್ದೆ ಬರೆದ ಕಾಲಕ್ಕೆ ಪೆಡಲ್ ತುಳಿಯುವ ಸೈಕಲ್ ಬಳಕೆಗೆ ಬಂದೇ ಇರಲಿಲ್ಲ. ಸೈಕಲ್ಲೂ ಒಂದು ಗಾಡಿಯೇ ಎಂದು ನ್ಯಾಯಾಲಯ ತೀರ್ಪಿತ್ತಿತು. ಆ ಒಂದು ಮಾತಿನಿಂದ ಸವಾರನಿಗೆ ರಸ್ತೆಯ ಮೇಲೆ ಗಾಡಿಯವನಿಗಿದ್ದ ಹಕ್ಕೂ ದಕ್ಕಿತು, ಗಾಡಿಯವನಿಗಿದ್ದ ಹೊಣೆಯೂ ಹೆಗಲೇರಿತು. ಇಂದು ಕಾರಿನ ಚಾಲಕರೂ ಸೈಕಲ್ ಸವಾರರೂ ಪರಸ್ಪರ ಹೊರಿಸುವ ದೂರುಗಳನ್ನು ಕೇಳುವಾಗ ಈ ಪ್ರಕರಣವನ್ನು ನೆನೆಯಬೇಕು, ಏಕೆಂದರೆ ಅಂದು ಕಟಕಟೆಯಲ್ಲಿ ನಿಂತಿದ್ದವನು ಸೈಕಲ್ಲಿನವನು. ರಸ್ತೆಯ ಮೇಲೆ ವೇಗದಿಂದ ಬಂದು ಇತರರನ್ನು ಹೆದರಿಸುವವನು ಆಗ ಅವನೇ ಆಗಿದ್ದ.

1888ರ ಬ್ರಿಟಿಷ್ ಕಾನೂನು ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಕತ್ತಲಾದ ಮೇಲೆ ಸೈಕಲ್ಲಿಗೆ ದೀಪ ಇರಬೇಕು. ಗಾಡಿಯನ್ನಾಗಲಿ ನಡೆದು ಹೋಗುವವರನ್ನಾಗಲಿ ಹಿಂದಿಕ್ಕುವ ಮುನ್ನ ಗಂಟೆಯನ್ನೋ ಸೀಟಿಯನ್ನೋ ಬಾರಿಸಿ ಎಚ್ಚರಿಸಬೇಕು. ಹಿಂದಿನಿಂದ ಬರುವವನು, ವೇಗವಾಗಿ ಬರುವವನು, ಮುಂದಿರುವವನ ಕ್ಷೇಮಕ್ಕೆ ಹೊಣೆ ಎಂಬ ತತ್ತ್ವ ಅದರಲ್ಲಿತ್ತು. ರಸ್ತೆ ಹಂಚಿಕೊಳ್ಳುವ ತಕರಾರಿನ ಮುಂದಿನ ಇತಿಹಾಸವನ್ನು ಈ ತತ್ತ್ವ ಯಾವಾಗ ಕೈಬಿಟ್ಟುಹೋಯಿತು, ಹೇಗೆ ಮರಳಿ ಬಂತು ಎಂಬ ಕಥೆಯಾಗಿಯೇ ಓದಬಹುದು.

ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ ಪೇಟೆಂಟ್ ಪಡೆದದ್ದು 1886ರಲ್ಲಿ. ಗಾಳಿ ತುಂಬಿದ ಟಯರಿಗೆ ಡನ್‌ಲಪ್ ಪೇಟೆಂಟ್ ಪಡೆದದ್ದು 1888ರಲ್ಲಿ, ಅದೂ ಮೋಟಾರಿಗಾಗಿ ಅಲ್ಲ, ಸೈಕಲ್ಲಿಗಾಗಿ. ಅಮೆರಿಕದಲ್ಲಿ 1880ರಲ್ಲಿ ಹುಟ್ಟಿದ ಸವಾರರ ಸಂಘವು ಕೆಸರು ಗುಂಡಿಗಳ ಹಾದಿಗಳನ್ನು ಸರಿಪಡಿಸಬೇಕೆಂದು ದೊಡ್ಡ ಚಳವಳಿಯನ್ನೇ ನಡೆಸಿತು. ಹಾಗೆ ಹದಗೊಂಡ ರಸ್ತೆಗಳ ಮೇಲೆ ಕಾರು ಸಲೀಸಾಗಿ ಬಂದು ಕೂತಿತು. 1896ರ ಮೇ 30ರಂದು ನ್ಯೂಯಾರ್ಕಿನಲ್ಲಿ ಡ್ಯೂರಿಯೇ ಕಂಪನಿಯ ಮೋಟಾರು ಗಾಡಿಯೊಂದು ಸೈಕಲ್ ತುಳಿಯುತ್ತಿದ್ದ ಮಹಿಳೆಯೊಬ್ಬರಿಗೆ ಗುದ್ದಿ ಅವರ ಕಾಲು ಮುರಿಯಿತು. ಅಮೆರಿಕದ ಮೊದಮೊದಲ ಮೋಟಾರು ಅಪಘಾತಗಳಲ್ಲಿ ಇದನ್ನೂ ಎಣಿಸುತ್ತಾರೆ.

ನಿಜವಾದ ತಿರುವು ಬಂದದ್ದು 1930ರ ದಶಕದಲ್ಲಿ. 1934ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 7,343 ಜನ ಸತ್ತರು, ಅವರಲ್ಲಿ ಸೈಕಲ್ ಸವಾರರ ಪಾಲು ಸಣ್ಣದಲ್ಲ. ಸರ್ಕಾರ ಎರಡು ಪರಿಹಾರಗಳನ್ನು ಮುಂದಿಟ್ಟಿತು. ಮೊದಲನೆಯದು ಪ್ರತ್ಯೇಕ ಹಾದಿ: ಆ ವರ್ಷದ ಡಿಸೆಂಬರಿನಲ್ಲಿ ಸಾರಿಗೆ ಸಚಿವ ಲೆಸ್ಲಿ ಹೋರ್-ಬೆಲಿಷಾ ಲಂಡನ್ನಿನ ವೆಸ್ಟರ್ನ್ ಅವೆನ್ಯೂ ಬದಿಯಲ್ಲಿ ಸುಮಾರು ನಾಲ್ಕು ಕಿಲೋಮೀಟರಿನ ಸೈಕಲ್ ಪಥವನ್ನು ಉದ್ಘಾಟಿಸಿದರು. ಎರಡನೆಯದು ಸೈಕಲ್ಲಿನ ಹಿಂದೆ ಕೆಂಪು ದೀಪ. ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎರಡನ್ನೂ ವಿರೋಧಿಸಿತು.

ದೀಪವನ್ನು ಯಾರಾದರೂ ಯಾಕೆ ವಿರೋಧಿಸಬೇಕು ಎಂದು ಇಂದಿನ ಓದುಗರಿಗೆ ಅನ್ನಿಸುವುದು ಸಹಜ. ಕ್ಲಬ್ಬಿನ ವಾದ ಹೀಗಿತ್ತು: ಕತ್ತಲಲ್ಲಿ ವಾಹನ ಓಡಿಸುವವನು ತನ್ನ ಮುಂದೀಪದ ಬೆಳಕಿಗೆ ಎಷ್ಟು ದೂರ ಕಾಣುತ್ತದೋ ಅಷ್ಟರೊಳಗೆ ನಿಲ್ಲಿಸಬಲ್ಲ ವೇಗದಲ್ಲಿ ಮಾತ್ರ ಓಡಿಸಬೇಕು, ಏಕೆಂದರೆ ಮುಂದೆ ಇರುವುದು ಸೈಕಲ್ಲೇ ಆಗಬೇಕೆಂದಿಲ್ಲ, ಮಲಗಿದ ದನವಿರಬಹುದು, ಬಿದ್ದ ಮರವಿರಬಹುದು, ನಡೆದು ಹೋಗುವ ಮುದುಕನಿರಬಹುದು, ಅವಕ್ಕೆಲ್ಲ ಕೆಂಪು ದೀಪ ಕಟ್ಟಲಾಗುವುದಿಲ್ಲ. ದೀಪ ಕಡ್ಡಾಯವಾದ ದಿನದಿಂದ ‘ನಾನು ನೋಡಬೇಕಿತ್ತು’ ಎನ್ನುವ ಚಾಲಕ ‘ಅವನು ಕಾಣಿಸಿಕೊಳ್ಳಬೇಕಿತ್ತು’ ಎನ್ನತೊಡಗುತ್ತಾನೆ ಎಂಬುದು ಅವರ ಭಯ. ತತ್ತ್ವದಲ್ಲಿ ಕ್ಲಬ್ ಹೇಳಿದ್ದು ಸರಿಯಿತ್ತು, ದೀಪದ ವಿಷಯದಲ್ಲಿ ತಪ್ಪಿತ್ತು ಎಂದು ನನಗನ್ನಿಸುತ್ತದೆ. ತತ್ತ್ವವನ್ನು ನೆಚ್ಚಿಕೊಂಡು ಕತ್ತಲಲ್ಲಿ ಕಾಣದಂತೆ ಹೋಗುವುದು ಜಾಣತನವಲ್ಲ. ಯುದ್ಧಕಾಲದ ಕತ್ತಲೆಯ ನಿಯಮಗಳಲ್ಲಿ ಹಿಂದೀಪ ಕಡ್ಡಾಯವಾಗಿ, ಯುದ್ಧ ಮುಗಿದ ಮೇಲೂ ಉಳಿಯಿತು. ಆದರೆ ಅವರ ಭಯ ಮಾತ್ರ ಸುಳ್ಳಾಗಲಿಲ್ಲ. ಅಪಘಾತದ ಸುದ್ದಿ ಬಂದಾಗ ಸವಾರ ಹೆಲ್ಮೆಟ್ ಹಾಕಿದ್ದನೇ, ಹೊಳೆಯುವ ಅಂಗಿ ತೊಟ್ಟಿದ್ದನೇ ಎಂಬ ಪ್ರಶ್ನೆ ಇಂದಿಗೂ ಕಾರಿನ ವೇಗ ಎಷ್ಟಿತ್ತು ಎಂಬ ಪ್ರಶ್ನೆಗಿಂತ ಮುಂಚೆ ಬರುತ್ತದೆ.

ಪ್ರತ್ಯೇಕ ಪಥದ ಜಗಳವೂ ಅಲ್ಲಿಗೆ ಮುಗಿಯಲಿಲ್ಲ. ಪಥ ಕಟ್ಟಿದರೆ ನಾಳೆ ರಸ್ತೆಯಿಂದಲೇ ಹೊರಹಾಕುತ್ತಾರೆ ಎಂಬ ಶಂಕೆ 1970ರ ದಶಕದ ಕ್ಯಾಲಿಫೋರ್ನಿಯಾದಲ್ಲಿ ಮತ್ತೆ ತಲೆಯೆತ್ತಿತು. ಸವಾರನು ವಾಹನ ಚಾಲಕನಂತೆಯೇ ವರ್ತಿಸಿದಾಗ, ಮತ್ತು ಇತರರು ಅವನನ್ನು ಹಾಗೆಯೇ ಕಂಡಾಗ ಮಾತ್ರ ಅವನು ಕ್ಷೇಮ ಎಂದು ಜಾನ್ ಫಾರೆಸ್ಟರ್ ಎಂಬ ಎಂಜಿನಿಯರ್ ಹಟ ಹಿಡಿದು ವಾದಿಸಿದರು. ಗಟ್ಟಿ ಕಾಲಿನ, ಗಟ್ಟಿ ಗುಂಡಿಗೆಯ ಸವಾರನಿಗೆ ಇದು ಒಪ್ಪುವ ಮಾತು. ಶಾಲೆಗೆ ಹೋಗುವ ಹತ್ತು ವರ್ಷದ ಹುಡುಗಿಗೆ ಇದರಿಂದ ಏನೂ ಸಿಗುವುದಿಲ್ಲ.

ನೆದರ್ಲೆಂಡ್ಸ್ ಆ ಹುಡುಗಿಯ ಕಡೆಯಿಂದ ಯೋಚಿಸಿತು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಹೆಸರಿನಲ್ಲೇ ತಂದೆತಾಯಿಗಳ ಚಳವಳಿ ಎದ್ದಿತು. 1973ರ ತೈಲ ಬಿಕ್ಕಟ್ಟಿನಲ್ಲಿ ಭಾನುವಾರಗಳಂದು ಕಾರು ನಿಷೇಧವಾದಾಗ ಜನ ಬರಿದಾದ ಹೆದ್ದಾರಿಯ ಮೇಲೆ ಸೈಕಲ್ ತುಳಿದು, ರಸ್ತೆ ಬೇರೆ ರೀತಿಯಲ್ಲೂ ಇರಬಹುದು ಎಂಬುದನ್ನು ಕಣ್ಣಾರೆ ಕಂಡರು. ವಾಹನಗಳು ವೇಗವಾಗಿ ಓಡುವ ಕಡೆ ಸೈಕಲ್ಲಿಗೆ ಬೇರೆ ಹಾದಿ, ಹಾದಿ ಹಂಚಿಕೊಳ್ಳಲೇಬೇಕಾದ ಕಡೆ ಕಾರಿನ ವೇಗಕ್ಕೆ ಕಡಿವಾಣ ಎಂಬ ಸೂತ್ರ ಅಲ್ಲಿ ಕ್ರಮೇಣ ನೆಲೆಯೂರಿತು. ಹಾದಿಯ ಜೊತೆಗೆ ಕಾನೂನೂ ಬದಲಾಯಿತು: ಡಿಕ್ಕಿಯಾದಾಗ ಪರಿಹಾರದ ಹೊಣೆ ಮೊದಲು ಮೋಟಾರು ವಾಹನದವನ ಮೇಲೆ ಬೀಳುತ್ತದೆ, ಸವಾರ ಹದಿನಾಲ್ಕರ ಒಳಗಿನ ಮಗುವಾಗಿದ್ದರಂತೂ ತಪ್ಪು ಯಾರದೆಂಬ ಲೆಕ್ಕಾಚಾರಕ್ಕೆ ಹೆಚ್ಚು ಎಡೆಯೇ ಇಲ್ಲ. ಫ್ರಾನ್ಸ್ 1985ರಲ್ಲಿ ತಂದ ಕಾಯ್ದೆಯೂ ಇದೇ ದಾರಿಯದು. ಇದು ಶಿಕ್ಷೆಯ ಮಾತಲ್ಲ, ವಿಮೆಯ ಮಾತು ಎಂಬುದನ್ನು ಚಾಲಕರು ಹಲವೊಮ್ಮೆ ಮರೆಯುತ್ತಾರೆ.

ಹೊಣೆ ಭಾರದ ವಾಹನದವನ ಕಡೆಗೆ ಯಾಕೆ ವಾಲಬೇಕು ಎಂಬುದಕ್ಕೆ ಲೆಕ್ಕವೇ ಉತ್ತರ ಹೇಳುತ್ತದೆ. ಗಂಟೆಗೆ 50 ಕಿಲೋಮೀಟರಿನಲ್ಲಿ ಓಡುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಸಾಗುತ್ತದೆ. ಚಾಲಕನಿಗೆ ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಹೆಚ್ಚುಕಡಿಮೆ ಅಷ್ಟು ದೂರ ಮುಗಿದಿರುತ್ತದೆ. ವೇಗ ಇಮ್ಮಡಿಯಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಇತ್ತ ಸೈಕಲ್ ಸವಾರ ಗೆರೆ ಎಳೆದಂತೆ ನೇರ ಹೋಗುವವನೂ ಅಲ್ಲ. ಗುಂಡಿ ತಪ್ಪಿಸಲು, ಗಾಜಿನ ಚೂರು ತಪ್ಪಿಸಲು ಹ್ಯಾಂಡಲ್ ಅತ್ತಿತ್ತ ವಾಲುತ್ತದೆ, ಪಕ್ಕದಲ್ಲಿ ಲಾರಿ ಹಾದರೆ ಅದರ ಗಾಳಿಯೇ ಒಮ್ಮೆ ತಳ್ಳಿ ಒಮ್ಮೆ ಸೆಳೆಯುತ್ತದೆ. ಈ ಓಲಾಟಕ್ಕೆ ಜಾಗ ಬಿಡುವುದನ್ನೇ ಕಾನೂನುಗಳು ಅಂಕಿಯಲ್ಲಿ ಹೇಳತೊಡಗಿದವು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 1973ರಲ್ಲೇ ಮೂರು ಅಡಿ ಅಂತರದ ನಿಯಮ ತಂದಿತು. 2020ರ ಜರ್ಮನ್ ನಿಯಮ ಊರೊಳಗೆ 1.5 ಮೀಟರ್, ಊರ ಹೊರಗೆ 2 ಮೀಟರ್ ಕೇಳುತ್ತದೆ.

ಸವಾರನ ಕೆಲವು ನಡೆಗಳು ಚಾಲಕನಿಗೆ ಉದ್ಧಟತನವಾಗಿ ಕಾಣಲು ಕಾರಣ, ಸೀಟಿನ ಮೇಲಿಂದ ಕಾಣುವುದು ಸ್ಟಿಯರಿಂಗ್ ಹಿಂದಿನಿಂದ ಕಾಣದಿರುವುದು. ಇಕ್ಕಟ್ಟಾದ ಕಡೆ ಸವಾರ ನಡುರಸ್ತೆಗೆ ಬರುವುದು ಹಿಂದಿನವರನ್ನು ತಡೆಯುವ ಹಟದಿಂದಲ್ಲ. ಅಂಚಿನಲ್ಲಿ ನುಸುಳಿ ಹಿಂದಿಕ್ಕುವಷ್ಟು ಜಾಗ ಇಲ್ಲದ ಕಡೆ ಜಾಗವಿದೆ ಎಂಬ ಭ್ರಮೆ ಹುಟ್ಟದಿರಲಿ ಎಂದು. ನಿಂತ ಕಾರುಗಳ ಸಾಲಿನಿಂದ ಒಂದು ಮೀಟರ್ ದೂರ ಹೋಗುವುದೂ ಹಾಗೆಯೇ, ಯಾವ ಬಾಗಿಲು ಯಾವಾಗ ತೆರೆದುಕೊಳ್ಳುತ್ತದೆಂದು ಹೇಳಲಾಗದು. ಆ ಬಾಗಿಲಿಗೊಂದು ಸರಳ ಉಪಾಯವಿದೆ. ಬಾಗಿಲ ಬದಿಯ ಕೈಯಿಂದ ತೆರೆಯುವ ಬದಲು ಇನ್ನೊಂದು ಕೈಯನ್ನು ಎದೆಯ ಮುಂದಿನಿಂದ ಚಾಚಿ ಹಿಡಿ ಎಳೆದರೆ ಹೆಗಲು ತಾನಾಗಿ ತಿರುಗುತ್ತದೆ, ಕಣ್ಣು ಕನ್ನಡಿ ದಾಟಿ ಹಿಂದಕ್ಕೆ ಹೋಗುತ್ತದೆ. ಇದಕ್ಕೆ ‘ಡಚ್ ರೀಚ್’ ಎಂದು ಹೆಸರು. ಬ್ರಿಟನ್ 2022ರಲ್ಲಿ ಇದನ್ನು ತನ್ನ ಹೆದ್ದಾರಿ ಸಂಹಿತೆಗೆ ಸೇರಿಸಿತು. ಹೆಚ್ಚು ಹಾನಿ ಮಾಡಬಲ್ಲವನಿಗೆ ಹೆಚ್ಚು ಹೊಣೆ ಎಂಬ ಶ್ರೇಣಿಯೂ ಆಗಲೇ ಬಂತು. ಅದೇ ಶ್ರೇಣಿಯಲ್ಲಿ ಸವಾರನು ಪಾದಚಾರಿಗೆ ಹೊಣೆ: 1888ರ ಗಂಟೆಯ ನಿಯಮದ ಮೊಮ್ಮಗನಂತಿದೆ ಇದು.

ಸವಾರರ ತಪ್ಪುಗಳನ್ನು ಮುಚ್ಚಿಡಬೇಕಾಗಿಲ್ಲ. ಕೆಂಪು ದೀಪ ದಾಟುವುದು, ಎದುರು ದಿಕ್ಕಿನಿಂದ ಬರುವುದು, ಕೈ ತೋರಿಸದೆ ತಿರುಗುವುದು, ತಿರುವಿನಲ್ಲಿ ಲಾರಿಯ ಒಳಬದಿಗೆ ನುಸುಳುವುದು ಇವೆಲ್ಲ ನಡೆಯುತ್ತವೆ. ಕೊನೆಯದಂತೂ ಪ್ರಾಣಾಂತಕ, ಏಕೆಂದರೆ ಎತ್ತರದಲ್ಲಿ ಕೂತ ಲಾರಿ ಚಾಲಕನಿಗೆ ತನ್ನ ಬಾಗಿಲ ಕೆಳಗಿನ ಸೈಕಲ್ ಕಾಣದೇ ಹೋಗಬಹುದು. ನಿಯಮವೇ ಸೈಕಲ್ಲಿಗೆ ಹೊಂದುವುದಿಲ್ಲವೆಂದು ಅಮೆರಿಕದ ಐಡಹೊ ರಾಜ್ಯ 1982ರಲ್ಲಿ, ‘ನಿಲ್ಲಿ’ ಫಲಕದ ಬಳಿ ಯಾರೂ ಬರದಿದ್ದರೆ ಸವಾರ ನಿಧಾನಿಸಿ ದಾಟಬಹುದೆಂದು ಅನುಮತಿಸಿತು. ಅದನ್ನು ಒಪ್ಪದವರು ಸವಾರರಲ್ಲೂ ಇದ್ದಾರೆ.

ಅಂತರದ ನಿಯಮಕ್ಕೆ ಒಂದೇ ತೊಡಕು: ಓಡುವ ಕಾರಿಗೂ ಓಡುವ ಸೈಕಲ್ಲಿಗೂ ನಡುವೆ ಅಳತೆಪಟ್ಟಿ ಹಿಡಿಯುವವರು ಯಾರು? ಇಂಗ್ಲೆಂಡಿನ ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸರು 2016ರಲ್ಲಿ ಇದಕ್ಕೆ ತಮ್ಮದೇ ದಾರಿ ಹುಡುಕಿದರು. ಸಮವಸ್ತ್ರ ಕಳಚಿದ ಪೊಲೀಸರು ಕ್ಯಾಮೆರಾ ಕಟ್ಟಿಕೊಂಡು ತಾವೇ ಸೈಕಲ್ ಹತ್ತಿದರು. ತೀರಾ ಹತ್ತಿರದಿಂದ ಹಿಂದಿಕ್ಕಿದ ಚಾಲಕರನ್ನು ಮುಂದೆ ಕಾದಿದ್ದವರು ತಡೆದು ನಿಲ್ಲಿಸುತ್ತಿದ್ದರು. ಅಲ್ಲಿ ನೆಲದ ಮೇಲೆ ರಸ್ತೆಯ ಚಿತ್ರವಿದ್ದ ದೊಡ್ಡ ಚಾಪೆಯೊಂದನ್ನು ಹಾಸಿ, ಸೈಕಲ್ಲಿಗೆ ಎಷ್ಟು ಜಾಗ ಬೇಕು, ಕಾರು ಎಲ್ಲಿ ಹೋಗಬೇಕಿತ್ತು ಎಂಬುದನ್ನು ಬೆರಳಿಟ್ಟು ತೋರಿಸುತ್ತಿದ್ದರು. ಸ್ಟಿಯರಿಂಗ್ ಹಿಂದೆ ಕೂತಾಗ ಬೇಕಾದಷ್ಟು ಅಗಲವಾಗಿ ಕಂಡಿದ್ದ ಜಾಗವನ್ನು ಚಾಲಕ ಆಗ ಕಾರಿನಿಂದಿಳಿದು, ನಿಂತ ನೆಲದಿಂದ ನೋಡಬೇಕಾಗುತ್ತಿತ್ತು.